ಬನೀನಿಗೆ ಹೊಲಿದ ಗೋಟಡಿಕೆ

ಹೋದ ವಾರ ನನಗೆ ಮೂಗುದಾರ ಬಂತು. ಎಪ್ಪತ್ತು ದಾಟಿದ ಮೇಲೆ ಇದೆಂಥಾ ಮೂಗುದಾರ ಅಂತ ನಗಬೇಡಿ. ರಬ್ಬರಿನದೊಂದು ಮುಸುಕು, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಹಳೇ ರೇಡಿಯೋದಷ್ಟು ದೊಡ್ಡ ಯಂತ್ರ. ಮಲಗುವಾಗ ಮೂಗಿಗೆ ಕಟ್ಟಿಕೊಂಡರೆ ಅದು ಗಾಳಿ ಊದುತ್ತಾ ಇರುತ್ತದಂತೆ. ಪೆಟ್ಟಿಗೆ ಬಿಚ್ಚಿದಾಗ ಹೊಸ ಹವಾಯಿ ಚಪ್ಪಲಿಯ ವಾಸನೆ ಬಂತು. ಮರಳೂರಿನ ನಮ್ಮ ಮನೆಯ ಮಂಚದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಗುಬ್ಬಿಯ ಮಾವ ನೆನಪಾದರು. ನನಗೆ ಹೆಣ್ಣು ಕೊಟ್ಟ ಮಾವ.

ಅವರನ್ನು ಮೊದಲು ನೋಡಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹೆಣ್ಣು ನೋಡಲು ಹೋದಾಗ. ನಾವು ಕುಣಿಗಲ್‌ನವರು. ನಮ್ಮಪ್ಪ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು ನಮ್ಮ ವಂಶದ ಹಿರಿಮೆ ಹೇಳಲು ಶುರುಮಾಡಿದರು. ಮುತ್ತಾತನ ಹತ್ತಿರ ಬರುವಷ್ಟರಲ್ಲಿ ಎದುರಿಗೆ ಕೂತಿದ್ದ ಮಾವನ ಕಣ್ಣು ಮುಚ್ಚಿತ್ತು. ಅಪ್ಪ ಧ್ವನಿ ಏರಿಸಿದರು. ಮಾವನಿಂದ ಗೊರಕೆ ಬಂತು. ಈ ಸಂಬಂಧ ಕೆಟ್ಟಿತು ಅಂತ ನಾನು ಚಪ್ಪಲಿ ಹುಡುಕುತ್ತಿದ್ದರೆ, ಬಸ್ ಹತ್ತಿದ ಮೇಲೆ ಅಪ್ಪ ಹೇಳಿದ್ದೇ ಬೇರೆ.

"ಆ ಮನುಷ್ಯನ ಗತ್ತು ನೋಡಿದ್ಯೇನೋ? ಗಂಡಿನ ಕಡೆಯೋರು ಮುಂದೆ ಕೂತವ್ರೆ, ಒಂದ್ಚೂರು ಅಳುಕಿಲ್ಲ. ಇಂಥಾ ಮನೇಲೇ ಹೆಣ್ಣು ತರ್ಬೇಕು."

ಹೀಗೆ ನನ್ನ ಮದುವೆ ಒಂದು ಗೊರಕೆಯಿಂದ ನಿಶ್ಚಯವಾಯಿತು. ಮಾವ ಕೊಬ್ಬರಿ ವ್ಯಾಪಾರಿ. ವ್ಯಾಪಾರದಲ್ಲೂ ಇದೇ ಕತೆಯಂತೆ. ಮಾತಿನ ಮಧ್ಯೆ ತೂಕಡಿಸಿದರೆ, ಎದುರಿನವನು ಮಾವ ಒಪ್ಪುತ್ತಿಲ್ಲ ಅಂದುಕೊಂಡು ತಾನೇ ರೇಟು ಏರಿಸುತ್ತಿದ್ದನಂತೆ. ನಾನು ಕುಣಿಗಲ್ ಫಾರಂನ ಕುದುರೆಗಳು ನಿಂತುಕೊಂಡೇ ನಿದ್ದೆ ಹೋಗುವುದನ್ನು ನೋಡಿ ಬೆಳೆದವನು. ಮಾವ ಅವಕ್ಕೇನೂ ಕಡಿಮೆ ಇರಲಿಲ್ಲ. ಒಮ್ಮೆ ಮಂಗಳಾರತಿಗೆ ಕೈಮುಗಿದು ನಿಂತವರು ಹಾಗೇ ನಿದ್ದೆ ಹೋಗಿದ್ದರು. ಏನು ಭಕ್ತಿ ಅಂತ ಪಕ್ಕದವರು ಅವರಿಗೇ ಕೈಮುಗಿದರು.

ಇಷ್ಟೆಲ್ಲಾ ನಗುವಿನ ನಡುವೆ ನಗದೇ ಇದ್ದವರು ಅತ್ತೆ ಒಬ್ಬರೇ. ಮಧ್ಯಾಹ್ನ ಊಟ ಮಾಡಿ ಮಾವ ಪಡಸಾಲೆಯಲ್ಲಿ ಉರುಳಿಕೊಂಡರೆ, ಅತ್ತೆ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಜಪ ಮಾಡುತ್ತಾ ಗಾಳಿ ಹಾಕುತ್ತಿದ್ದಾರೆ ಅಂದುಕೊಂಡ ನಾನು, ಗಂಡನ ಸೇವೆ ಅಂದರೆ ಹೀಗಿರಬೇಕು ಅಂತ ನನ್ನ ಹೆಂಡತಿ ಸುಶೀಲಳಿಗೆ ಪಾಠ ಹೇಳಿದೆ. ಆಮೇಲೆ ಗಮನಿಸಿ ನೋಡಿದರೆ ಬೀಸಣಿಗೆ ಅಲ್ಲಾಡುತ್ತಲೇ ಇರಲಿಲ್ಲ. ಮಾವನ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು, ಮನೆಯೆಲ್ಲಾ ನಿಶ್ಶಬ್ದ. ನಾವೆಲ್ಲಾ ಸದ್ಯ ನಿಂತಿತಲ್ಲ ಅಂತ ನೆಮ್ಮದಿಯಾಗಿ ಕಣ್ಣು ಮುಚ್ಚುವ ಹೊತ್ತಿಗೆ ಅತ್ತೆ ಬೀಸಣಿಗೆಯ ಹಿಡಿಯಿಂದ ಅವರ ಪಕ್ಕೆಗೆ ತಿವಿಯುತ್ತಿದ್ದರು. ಮಾವ ಮುಳುಗಿ ಎದ್ದವರ ಹಾಗೆ ಉಸಿರೆಳೆದುಕೊಂಡು ಮತ್ತೆ ಶುರುಮಾಡುತ್ತಿದ್ದರು.

ಯಾಕತ್ತೆ, ಪಾಪ ಮಲಗಲಿ ಬಿಡಿ ಅಂದೆ ಒಂದು ಸಲ.

"ಅವ್ರು ಗೊರಕೆ ಹೊಡೆಯೋವಾಗ ನಂಗೇನೂ ಭಯ ಇಲ್ಲ ಅಳಿಯಂದ್ರೆ. ನಿಂತಾಗ್ಲೇ ಭಯ. ಉಸಿರೇ ಇರಲ್ಲ ನೋಡಿ," ಅಂದರು.

ನಾನು ಓದಿದವನು, ತುಮಕೂರಿನಲ್ಲಿ ಕೆಲಸದಲ್ಲಿರುವವನು, ನಕ್ಕುಬಿಟ್ಟೆ. ಆಗಲೇ ಮಾವನಿಗೆ ಬಿಪಿ ಏರಿತ್ತು, ಕಾಲು ಊದುತ್ತಿತ್ತು, ಎದೆ ಡವಗುಡುತ್ತದೆ ಅನ್ನುತ್ತಿದ್ದರು. ಡಾಕ್ಟರು ಉಪ್ಪಿನ ಬಗ್ಗೆ ಕೇಳಿದರು, ಉಪ್ಪಿನಕಾಯಿ ಬಗ್ಗೆ ಕೇಳಿದರು, ಬೀಡಿ ಸೇದುತ್ತೀರಾ ಅಂತ ಕೇಳಿದರು. ಅತ್ತೆ ಸೆರಗು ಹೊದ್ದು ಮುಂದೆ ಬಂದು ನಿದ್ದೆಯಲ್ಲಿ ಉಸಿರು ನಿಲ್ಲುವ ವಿಷಯ ಹೇಳಿದರೆ, ಗೊರಕೆ ಬರುವಂಥ ನಿದ್ದೆ ಪುಣ್ಯವಂತರಿಗಮ್ಮ ಅಂತ ಅವರೂ ನಕ್ಕರು. ಅವರನ್ನು ಬೈದು ಪ್ರಯೋಜನವಿಲ್ಲ. ಆ ಕಾಲದಲ್ಲಿ ನಿದ್ದೆಯನ್ನು ಯಾರು ಕಾಯಿಲೆ ಅಂದುಕೊಂಡಿದ್ದರು?

ಅತ್ತೆ ತಾವೇ ಒಂದು ಔಷಧಿ ಕಂಡುಹಿಡಿದರು. ಮಗ್ಗುಲಾಗಿ ಮಲಗಿದರೆ ಉಸಿರು ನಿಲ್ಲುವುದು ಕಡಿಮೆ, ಅಂಗಾತ ಮಲಗಿದರೇ ಹೆಚ್ಚು ಅಂತ ನೋಡಿ ನೋಡಿ ತಿಳಿದುಕೊಂಡಿದ್ದರು. ಮಾವನ ಬನೀನುಗಳ ಬೆನ್ನಿಗೆಲ್ಲ ಒಂದೊಂದು ಪುಟ್ಟ ಜೇಬು ಹೊಲಿದು, ಅದರೊಳಗೆ ಒಂದೊಂದು ಗೋಟಡಿಕೆ ಇಟ್ಟು ಜೇಬಿನ ಬಾಯಿ ಹೊಲಿದರು. ಕಲ್ಲಿನಂಥ ಅಡಿಕೆ. ಅಂಗಾತ ಆದರೆ ಬೆನ್ನಿಗೆ ಒತ್ತುತ್ತದೆ, ಮಾವ ತಾನಾಗಿ ಮಗ್ಗುಲಿಗೆ ಹೊರಳುತ್ತಾರೆ. ಅಷ್ಟೇ. ಬೆಳಗ್ಗೆ ತಲೆನೋವು ಕಡಿಮೆಯಾಗಿದೆ ಅಂತ ಮಾವನೇ ಒಪ್ಪಿಕೊಂಡರು. ಅತ್ತೆಗೂ ಒಂದಿಷ್ಟು ನಿದ್ದೆ ಬರತೊಡಗಿತು.

ಅದನ್ನು ಕೆಡಿಸಿದವನು ನಾನು. ಎಂಬತ್ತರ ದಶಕದಲ್ಲಿ ಈ ಮರಳೂರಿನ ಮನೆ ಕಟ್ಟಿಸಿದೆ. ಗೃಹಪ್ರವೇಶದ ಊಟ ಮುಗಿಸಿ ಗಂಡಸರೆಲ್ಲಾ ಹಾಲಿನಲ್ಲಿ ಸಾಲಾಗಿ ಮಲಗಿದ್ದೆವು. ಮಾವ ಅಂಗಾತ ಹೊರಳಿ "ಅಮ್ಮಾ" ಅಂತ ಎದ್ದರು. ಬೆನ್ನಿಗೇನು ಅಂತ ಕುಣಿಗಲ್ಲಿನ ನನ್ನ ಚಿಕ್ಕಪ್ಪ ಕೇಳಿದರು. ನಾಲ್ಕು ಜನ ಸಿಕ್ಕರೆ ನನ್ನ ಬಾಯಿ ನಿಲ್ಲುತ್ತದೆಯೇ? ಅಡಿಕೆಯ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಎಲೆ ಸುಣ್ಣ ಒಂದು ಬಾಕಿ ಅಂತಲೂ ಸೇರಿಸಿದೆ. ಹಾಲೆಲ್ಲಾ ನಗು. ಮಾವನೂ ನಕ್ಕರು. ನಕ್ಕು, ಕತ್ತರಿ ತರಿಸಿ, ಬನೀನು ಬಿಚ್ಚಿ ಜೇಬು ಕತ್ತರಿಸಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಂದು ಅಡಿಕೆ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಮಾವ ಉಳಿದ ಬನೀನುಗಳ ಜೇಬನ್ನೂ ಕತ್ತರಿಸಿದರು, ಮತ್ತೆ ಹೊಲಿಯಲು ಬಿಡಲಿಲ್ಲ.

ಒಂದೂವರೆ ವರ್ಷಕ್ಕೆ, ಒಂದು ಮಧ್ಯಾಹ್ನ, ಅತ್ತೆ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದಾಗ ಮಾವ ಪಡಸಾಲೆಯಲ್ಲಿ ಮಲಗಿದವರು ಏಳಲಿಲ್ಲ. ಹಾರ್ಟು ಅಂದರು. ಒಂದು ಅಡಿಕೆ ಅವರನ್ನು ಉಳಿಸುತ್ತಿತ್ತು ಅಂತ ನಾನು ಹೇಳಲಾರೆ. ಉಳಿಸುತ್ತಿರಲಿಲ್ಲ ಅಂತ ಹೇಳಲೂ ಧೈರ್ಯವಿಲ್ಲ. ಅತ್ತೆ ಸಾಯುವವರೆಗೂ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ನನ್ನ ಸರದಿ. ಬಿಪಿ ಮಾತ್ರೆಗೆ ಜಗ್ಗುತ್ತಿಲ್ಲ, ಪೇಪರ್ ಹಿಡಿದರೆ ತೂಕಡಿಕೆ. ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದಳು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಪ್ರತಿ ಸಲವೂ ಹೃದಯ ಗಾಬರಿಬಿದ್ದು ಓಡುತ್ತದೆ. ವರ್ಷಗಟ್ಟಲೆ ಹೀಗೆ ಓಡಿ ಸೋಲುತ್ತದೆ. ಆಮೇಲೆ ಸುಶೀಲಳ ಕಡೆ ತಿರುಗಿ, ಉಸಿರು ನಿಲ್ಲೋದನ್ನ ನೀವು ನೋಡಿದೀರಾ ಅಂತ ಕೇಳಿದಳು.

"ದಿನಾ ನೋಡ್ತೀನಿ. ಇಪ್ಪತ್ತು ಎಣಿಸ್ತೀನಿ, ಬರ್ದಿದ್ರೆ ತಿವೀತೀನಿ," ಅಂದಳು ಸುಶೀಲ. "ಅಪ್ಪ ಹೋದ್ಮೇಲೆ ಅಮ್ಮ ಹೇಳ್ಕೊಟ್ಟಿದ್ಲು."

ಇವಳ ಮೊಣಕೈ ಚೂಪು, ನೆಮ್ಮದಿಯಾಗಿ ಮಲಗಲು ಬಿಡುವುದಿಲ್ಲ ಅಂತ ಇಷ್ಟು ವರ್ಷ ಊರಿಗೆಲ್ಲಾ ಹೇಳಿಕೊಂಡು ನಗಿಸಿದವನು ನಾನು.

ಇವತ್ತು ಮಧ್ಯಾಹ್ನ ಊಟ ಮುಗಿಸಿ ಮೂಗುದಾರ ಕಟ್ಟಿಕೊಂಡೆ. ಸೊಂಡಿಲು ಬಂದಿದೆ ರೀ ಅಂತ ಸುಶೀಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇನ್ಮೇಲೆ ಎಣಿಸಬೇಡ, ನೀನೂ ಮಲಕ್ಕೋ ಅಂದೆ. ಅಭ್ಯಾಸ ಆಗೋಗಿದೆ ಬಿಡಿ ಅಂತ ಪಕ್ಕದಲ್ಲಿ ಒರಗಿದಳು. ನಾನು ಕಣ್ಣು ಮುಚ್ಚಿ ಯಂತ್ರದ ಸುಯ್ ಸದ್ದು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಗೊರಕೆ ಬಂತು. ಸುಶೀಲ ಗೊರಕೆ ಹೊಡೆಯುತ್ತಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನನಗಿಂತ ಮೊದಲು ಅವಳು ನಿದ್ದೆ ಹೋದದ್ದು ಯಾವಾಗ? ಹಾಗೇ ಕೇಳುತ್ತಾ ಮಲಗಿದ್ದೆ. ಗೊರಕೆ ಒಮ್ಮೆ ನಿಂತಿತು. ನಾಲ್ಕು ಎಣಿಸುವಷ್ಟರಲ್ಲಿ ಮತ್ತೆ ಬಂತು. ಅಷ್ಟರಲ್ಲಾಗಲೇ ನಾನು ಎದ್ದು ಕೂತಿದ್ದೆ.