ಹುಣಸೆಹಣ್ಣಿಗೆ ಸಿಕ್ಕ ಬಾಗಿಲ ಬಳೆ

ಬಳೆಯ ಕೆಳಭಾಗದಲ್ಲಿ, ಬೆರಳು ತಾಗುವ ಕಡೆ ಮಾತ್ರ, ಹಿತ್ತಾಳೆ ಸ್ವಲ್ಪ ತಿಳಿಯಾಗಿತ್ತು. ಉಳಿದದ್ದೆಲ್ಲ ಕಪ್ಪಿಗೆ ಹತ್ತಿರದ ಕಂದು; ಕೆತ್ತನೆಯ ಗೆರೆಗಳೊಳಗೆ ಇನ್ನೂ ಗಾಢ. ಆ ತಿಳಿ ಜಾಗ ಒಂದು ಉಗುರಿನಷ್ಟೇ ಅಗಲವಿತ್ತು. ಅದು ಹಾಗೆ ಬರಲೆಂದು ನಾನೂ ನನ್ನ ಸಹೋದ್ಯೋಗಿಯೂ ಇಡೀ ಚಳಿಗಾಲ ಕಳೆದಿದ್ದೆವು.

ಫೋನಿನ ಬೆನ್ನಿಗೆ ಅಂಟಿಕೊಳ್ಳುವ ವಸ್ತು ಅದು. ಹೂವಿನಾಕಾರದ ಒಂದು ತಟ್ಟೆ, ಅದರ ಮೇಲೆ ಆಡುವ ಬಳೆ. ಬಳೆಗೆ ಬೆರಳು ತೂರಿಸಿ ಫೋನ್ ಹಿಡಿಯಬಹುದು, ಎತ್ತಿದರೆ ಫೋನನ್ನು ಮೇಜಿನ ಮೇಲೆ ನಿಲ್ಲಿಸಬಹುದು. ಶಿಕಾಗೋದ ನಮ್ಮ ಸಣ್ಣ ಡಿಸೈನ್ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಬೋಸ್ನಿಯಾದವಳು. ಅವಳ ಅಜ್ಜಿಯ ಮನೆಯ ಕದಕ್ಕೆ ಇಂಥ ಬಳೆ ಇತ್ತಂತೆ. ಬಂದವರು ಅದನ್ನು ತಟ್ಟಿ ಹೊರಗೆ ನಿಲ್ಲುತ್ತಿದ್ದರಂತೆ. ಆ ಮನೆ ಈಗಿಲ್ಲ, ಕದವೂ ಇಲ್ಲ, ಇರುವುದು ಒಂದು ಫೋಟೊ. ತಿಳಿ ಜಾಗ ಎಲ್ಲಿ ಬರಬೇಕು ಎಂಬುದನ್ನು ಅವಳು ಆ ಫೋಟೊ ನೋಡಿಯೇ ಗುರುತು ಹಾಕಿದ್ದಳು.

ಡೆಟ್ರಾಯಿಟ್ ಕಡೆಯ ಒಂದು ಅಂಗಡಿಯವರು ಅದನ್ನು ನೋಡಲು ಒಪ್ಪಿದ್ದರು. ಅವರಿಗೆ ಬೇಕಾಗಿದ್ದದ್ದು ಹಳೆಯ ಕದದ ಆ ಬಣ್ಣವೇ. ಸರಿಯಾಗಿ ಬಂದಿದ್ದ ಮಾದರಿ ಒಂದೇ ಒಂದು. ಅದನ್ನು ನನ್ನ ಫೋನಿಗೆ ಅಂಟಿಸಿಕೊಂಡು ಹಿಂದಿನ ದಿನವೇ ಡ್ರೈವ್ ಮಾಡಿ, ಅಲ್ಲೇ ಹತ್ತಿರದ ರಾಚೆಸ್ಟರ್ ಹಿಲ್ಸ್‌ನ ಚಿಕ್ಕಮ್ಮನ ಮನೆಗೆ ಬಂದೆ. ಹೋಟೆಲಿನಲ್ಲಿ ಉಳಿದಿದ್ದರೆ ಚಿಕ್ಕಮ್ಮನ ಆ ದೂರು ನನ್ನ ಮದುವೆಯವರೆಗೂ ಉಳಿಯುತ್ತಿತ್ತು.

ಫೋನನ್ನು ಚಾರ್ಜಿಗೆ ಇಡಲು ಬಳೆಯನ್ನು ಬಿಡಿಸಿ, ಅಡುಗೆಮನೆ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಅಂದು ಗುರುವಾರ. ಶುಕ್ರವಾರದ ಪೂಜೆಗೆಂದು ಚಿಕ್ಕಮ್ಮ ದೇವರ ದೀಪಗಳನ್ನು ಹಿಂದಿನ ಸಂಜೆಯೇ ತೊಳೆದಿಡುತ್ತಾರೆ. ನನಗೆ ಅದು ಹೊಳೆಯಲಿಲ್ಲ. ತಲೆ ಒರೆಸಿಕೊಳ್ಳುತ್ತಾ ಬಂದು ನೋಡಿದರೆ, ಟವೆಲಿನ ಮೇಲೆ ಎರಡು ದೀಪ, ಒಂದು ಗಂಟೆ, ಪಕ್ಕದಲ್ಲಿ ಬಂಗಾರದಂತೆ ಥಳಥಳಿಸುವ ನಮ್ಮ ಬಳೆ.

“ಎಷ್ಟು ಕಿಲುಬು ಹಿಡಿದಿತ್ತೇ ಅದು,” ಎಂದರು ಚಿಕ್ಕಮ್ಮ. “ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಸಂದಿಯಲ್ಲಿರೋದು ಹೋಗ್ಲೇ ಇಲ್ಲ, ಆಮೇಲೆ ಹಳೇ ಟೂತ್‌ಬ್ರಷ್ ತಗೊಂಡೆ. ನಾಳೆ ಅಷ್ಟು ದೊಡ್ಡ ಮೀಟಿಂಗು, ಹಾಗೇ ತಗೊಂಡು ಹೋಗ್ತಿದ್ಯಲ್ಲ.”

ಚಿಕ್ಕಪ್ಪ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. “ಒಂದು ಬತ್ತಿ ಹಾಕಿಬಿಟ್ರೆ ದೇವರ ಮುಂದೇನೇ ಇಡಬಹುದು.”

“ನೀವು ಸುಮ್ನಿರಿ. ಚೆನ್ನಾಗಿಲ್ವೇನೇ ಪುಟ್ಟಿ?”

“ಅದನ್ನ ಬೇಕಂತಲೇ ಕಪ್ಪು ಮಾಡಿದ್ದು, ಚಿಕ್ಕಮ್ಮ.”

“ಹಿತ್ತಾಳೆನ ಯಾರಾದ್ರೂ ಬೇಕಂತ ಕಪ್ಪು ಮಾಡ್ತಾರಾ?”

ಅವರು ನಿಜವಾಗಿಯೂ ಕೇಳುತ್ತಿದ್ದರು. ಈ ಮನೆಗೆ ಬಂದಾಗಲೆಲ್ಲ ಹೀಗೇ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಸೂಟ್‌ಕೇಸ್ ತೆರೆದಿರುತ್ತದೆ, ಒಗೆದಿದ್ದ ಬಟ್ಟೆಗಳು ಮತ್ತೆ ವಾಷಿಂಗ್ ಮಶೀನಿಗೆ ಬಿದ್ದಿರುತ್ತವೆ. ಮನೆಯ ಮಗಳ ವಸ್ತುವನ್ನು ಕೇಳಿ ಮುಟ್ಟುವುದು ಅವರ ಪ್ರಕಾರ ಹೊರಗಿನವರ ರೀತಿ. ಇಷ್ಟು ಅಕ್ಕರೆಯ ಎದುರು ನನ್ನ ಕೋಪಕ್ಕೆ ಕೂರಲು ಜಾಗವೇ ಇರಲಿಲ್ಲ. ಹಲ್ಲು ಕಚ್ಚಿಕೊಂಡು, ಪರವಾಗಿಲ್ಲ ಎಂದೆ. ಆ ಒಂದು ಪದದ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮಾತಾಡಲು ಏಕಾಂತವಿದ್ದದ್ದು ಕಾರಿನಲ್ಲಿ ಮಾತ್ರ. ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಕೂತು ಸಹೋದ್ಯೋಗಿಗೆ ಫೋಟೊ ಕಳಿಸಿ, ಕಾಲ್ ಮಾಡಿದೆ.

“ನಿನ್ನ ಚಿಕ್ಕಮ್ಮ ಕೆಲಸ ಹುಡುಕ್ತಿದ್ದಾರಾ? ನಮ್ಮ ಪಾಲಿಶಿನವನಿಗಿಂತ ಚೆನ್ನಾಗಿ ಮಾಡಿದ್ದಾರೆ,” ಎಂದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ. “ಅಜ್ಜಿಯ ಕದ ತಟ್ಟಿದವರ ಬೆರಳಿನ ಗುರುತೂ ಹೋಯ್ತಲ್ಲ.”

“ಹೋಯ್ತು.”

“ಸರಿ, ಮೊಟ್ಟೆ ಬೇಯಿಸು. ಬಿಸಿ ಇದ್ದಾಗಲೇ ಹಿಸುಕಿ, ಬಳೆ ಜೊತೆ ಒಂದು ಚೀಲದಲ್ಲಿ ಮುಚ್ಚಿಡು. ಮೊಟ್ಟೆಯ ಹಬೆಗೆ ಲೋಹ ಕಪ್ಪಾಗುತ್ತೆ. ಹಿತ್ತಾಳೆಗೆ ಅಷ್ಟೇನೂ ಹಿಡಿಯಲ್ಲ, ಆದರೂ ಈ ಹೊಳಪಾದರೂ ಇಳಿಯುತ್ತೆ.”

ಚಿಕ್ಕಮ್ಮನ ಮನೆಗೆ ಮೊಟ್ಟೆ ಬರುವುದಿಲ್ಲ. ಕೇಕಿನ ಡಬ್ಬಿಯನ್ನು ಕೂಡ ಅವರು ಎರಡೆರಡು ಸಲ ಓದಿ ಒಳಗೆ ಬಿಡುತ್ತಾರೆ. ಇದನ್ನು ಹೇಗೆ ವಿವರಿಸುವುದು ಎಂದು ಯೋಚಿಸುತ್ತಿದ್ದಾಗಲೇ ಅವರು ಬಾಗಿಲಿಗೆ ಬಂದು, “ಸಾರು ಆರ್ತಾ ಇದೆ, ಬಾರೇ,” ಎಂದು ಕೂಗಿದರು. ಹೋಗಿ ಊಟ ಮಾಡಿದೆ. ಅವರು ಕೇಳದೆಯೇ ಇನ್ನೊಂದು ಸೌಟು ಬಡಿಸಿದರು.

ಮರುದಿನ ಬೆಳಿಗ್ಗೆ ಟ್ರಾಫಿಕ್ ನೆಪ ಹೇಳಿ ಬೇಗ ಹೊರಟೆ. ಹೈವೇ ಪಕ್ಕದ ಗ್ಯಾಸ್ ಸ್ಟೇಷನ್ನಿನಲ್ಲಿ ಬೇಯಿಸಿದ ಮೊಟ್ಟೆಗಳ ಒಂದು ಪ್ಯಾಕೆಟ್ ತಗೊಂಡು, ಕಾಗದದ ಲೋಟದಲ್ಲಿ ಹಿಸುಕಿ, ಅಲ್ಲಿನ ಮೈಕ್ರೋವೇವಿನಲ್ಲೇ ಬಿಸಿ ಮಾಡಿದೆ. ಬಳೆಯ ಜೊತೆ ಅದನ್ನು ಚೀಲಕ್ಕೆ ಹಾಕಿ, ಹೀಟರಿನ ಗಾಳಿ ಬರುವ ಕಡೆ ಸಿಕ್ಕಿಸಿ, ಕಿಟಕಿ ಮುಚ್ಚಿಕೊಂಡು ಡ್ರೈವ್ ಮಾಡಿದೆ. ಕಾರೆಲ್ಲ ನಾತ. ಅಂಗಡಿಯ ಪಾರ್ಕಿಂಗಿನಲ್ಲಿ ತೆಗೆದು ನೋಡಿದರೆ, ಬಣ್ಣ ತೆಳು ಟೀಯಷ್ಟಕ್ಕೆ ಬಂದಿತ್ತು, ಒಂದು ಬದಿಗೆ ಜಾಸ್ತಿ. ಅದನ್ನು ಒರೆಸಿ, ಒಳಗೆ ಹೋಗಿ, ಕೌಂಟರಿನ ಮೇಲಿಟ್ಟೆ. ಅಂಗಡಿಯವರು ಕೈಗೆತ್ತಿಕೊಳ್ಳುವ ಮೊದಲೇ, ನಾವು ತೋರಿಸಬೇಕೆಂದಿದ್ದ ಬಣ್ಣ ಇದಲ್ಲ ಎಂದು ಹೇಳಿದೆ.