ಹಾ ದೇ

ಇವತ್ತು ಬೆಳಿಗ್ಗೆ ಅಡುಗೆ ಭಟ್ಟರು ಶೀರಾಕ್ಕೆ ಏಲಕ್ಕಿ ಕುಟ್ಟಿದರು ನೋಡಿ, ಗಲ್ಲಾದಲ್ಲಿ ಕುಳಿತಿದ್ದ ನಾನು ಸೀದಾ ನಾರ್ವೆಗೆ ಹೋಗಿಬಿಟ್ಟೆ. ಮುಂಬೈ ಪಕ್ಕದ ಠಾಣೆ ಪಟ್ಟಣದ ನೌಪಾಡಾದಲ್ಲಿರುವ ನನ್ನ ಉಡುಪಿ ಹೋಟೆಲಿನಿಂದ ಬರ್ಗನ್ ಪಟ್ಟಣಕ್ಕೆ ಏಲಕ್ಕಿಯ ದಾರಿ ಉಂಟೆಂದರೆ ನೀವು ನಗಬಹುದು. ನಾನೇನು ಮಾಡಲಿ, ಆ ಊರಿನವರು ಬನ್ನಿಗೆ ಏಲಕ್ಕಿ ಹಾಕುತ್ತಾರೆ.

ನನ್ನ ಮಗಳು ಅಕ್ಷತಾ ಓದುತ್ತಿರುವುದು ಅಲ್ಲಿ. ಮೀನು ಮುಟ್ಟದ ಮನೆಯ ಹುಡುಗಿ, ಓದುವುದು ಮೀನಿನ ಬಗ್ಗೆಯೇ! ನಾನೂ ನನ್ನ ಹೆಂಡತಿಯೂ ಮಾತಾಡುವುದು ತುಳು, ಮಗಳೊಡನೆ ಕನ್ನಡ, ಅವಳ ಉತ್ತರ ಮಾತ್ರ ಹಿಂದಿಯಲ್ಲಿ. ಠಾಕುರ್ಲಿಯ ನಮ್ಮ ಮನೆಯ ರೂಢಿ ಇದು. ಮುಂದಿನ ತಿಂಗಳು ಅವಳು ಓದು ಮುಗಿಸಿ ಬರುತ್ತಾಳೆ. ಬರುವ ಮೊದಲು ನಾನು ಅವಳಿಗೊಂದು ಉತ್ತರ ಕೊಡಬೇಕಿತ್ತು. ವರ್ಷದಿಂದ ಬಾಕಿ ಇಟ್ಟಿದ್ದೆ.

ಕಳೆದ ವರ್ಷ ಹತ್ತು ದಿನ ಅಲ್ಲಿದ್ದೆ. ಹತ್ತು ದಿನವೂ ಮಳೆ. ಬಂದರಿನ ಅಂಚಿಗೆ ಕೆಂಪು, ಹಳದಿ ಬಣ್ಣದ ಹಳೆಯ ಮರದ ಮನೆಗಳು ಒಂದರ ಹೆಗಲಿಗೊಂದು ಒರಗಿ ಸೊಟ್ಟಗೆ ನಿಂತಿವೆ. ನಮ್ಮಲ್ಲಾಗಿದ್ದರೆ ಬಿಲ್ಡರ್ ಎಂದೋ ಬಂದು ರೀಡೆವಲಪ್‌ಮೆಂಟ್ ಬೋರ್ಡು ನೆಟ್ಟಿರುತ್ತಿದ್ದ. ಅವರು ಬಣ್ಣ ಬಳಿದು ಉಳಿಸಿಕೊಂಡಿದ್ದಾರೆ. ಪೇಟೆಯ ನಡುವಿನಿಂದಲೇ ಗುಡ್ಡದ ತುದಿಗೆ ಒಂದು ಪುಟ್ಟ ರೈಲು ಏರುತ್ತದೆ. ಅದು ನಿಲ್ಲುವ ಮೊದಲೇ ನಾನು ಒಳಗೆ ಹಾರಲು ಕಾಲೆತ್ತಿದೆ. ಅಕ್ಷತಾ ಕೋಟು ಹಿಡಿದೆಳೆದಳು. "ಪಪ್ಪಾ, ಯೇ ಕಲ್ಯಾಣ್ ಲೋಕಲ್ ನಹೀ ಹೈ!" ನಾನು ದಿನಾ ನುಗ್ಗಿ ಹತ್ತುವ ಲೋಕಲ್ ರೈಲಿನಂತಲ್ಲ, ಒಳಗೆ ನೋಡಿದರೆ ಅರ್ಧಕ್ಕರ್ಧ ಸೀಟು ಖಾಲಿ. ಆದರೂ ನಾನು ಅಭ್ಯಾಸಬಲದಿಂದ ಬಾಗಿಲ ಬಳಿಯೇ ನಿಂತೆ.

ಗುಡ್ಡದಿಂದಿಳಿದು ನಾಲ್ಕು ಹೆಜ್ಜೆ ನಡೆದರೆ ವಿದ್ಯಾರ್ಥಿಗಳ ಕಲಾಮನೆ. ಒಂದು ಮಹಡಿಯಲ್ಲಿ ನಾಟಕ, ಇನ್ನೊಂದರಲ್ಲಿ ಹಾಡು, ಕೆಳಗೆ ಕ್ಯಾಂಟೀನು. ಒಂದು ಸಂಜೆ ಅಲ್ಲಿಗೆ ಹೋದರೆ ನನ್ನ ಮಗಳು ಏಪ್ರನ್ ಕಟ್ಟಿಕೊಂಡು ಯಾರದೋ ಎಂಜಲು ತಟ್ಟೆ ತೊಳೆಯುತ್ತಿದ್ದಳು. ನನ್ನ ಪಿತ್ತ ನೆತ್ತಿಗೇರಿತು.

"ಇದಕ್ಕಾ ಮಾರಾಯ್ತಿ ನಿನ್ನನ್ನು ಇಷ್ಟು ದೂರ ಕಳಿಸಿದ್ದು? ಪಗಾರ ಎಷ್ಟು ಕೊಡ್ತಾರೆ?"

"ಪಗಾರ್ ಕಿಸೀ ಕೋ ನಹೀ ಮಿಲ್ತಾ, ಪಪ್ಪಾ. ಯೇ ಘರ್ ಹಮ್ ಲೋಗ್ ಹೀ ಚಲಾತೇ ಹೈ."

ನಿಜವೇ, ಪಗಾರವಿಲ್ಲದೆ ಆ ಮನೆ ನಡೆಸುವವರು ಅವರೇ. ಟಿಕೆಟ್ ಹರಿಯುವವರು, ದೀಪ ಹೊಂದಿಸುವವರು, ನೆಲ ಒರೆಸುವವರು ಎಲ್ಲರೂ ವಿದ್ಯಾರ್ಥಿಗಳು. ಆಗಷ್ಟೇ ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಿದವಳು ಕೆಳಗಿಳಿದು ಕಸಬರಿಗೆ ಹಿಡಿದಳು. ಇಪ್ಪತ್ತೆಂಟು ವರ್ಷ ಹೋಟೆಲು ನಡೆಸಿದ ನಾನು ನಾಲ್ಕು ಸಲ ಕೂಗದೆ ಒಂದು ಮೇಜು ಒರೆಸಿದ್ದನ್ನು ಕಂಡವನಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಮರುದಿನ ಅವರ ಅಡುಗೆಮನೆಯಲ್ಲಿ ನಾನೇ ಸೌಟು ಹಿಡಿದೆ. ಆ ಊರಿನಲ್ಲೂ ರವೆ ಸಿಗುತ್ತದೆ, ಉಪ್ಪಿಟ್ಟು ಮಾಡಿದೆ. ಬಾಗಿಲೆತ್ತರದ ಒಬ್ಬ ತರುಣ ತಿಂದು ಮುಗಿಸಿ, ಅಲ್ಲಿಯ ಕ್ರಮದಂತೆ ತಟ್ಟೆಯನ್ನು ತಾನೇ ತಂದು, ನಕ್ಕು "ಹಾ ದೇ" ಎಂದ. ಮುಂಬೈಯಲ್ಲಿ ಪಳಗಿದ ಕಿವಿಗೆ ಅದು ಹೇಗೆ ಕೇಳಿಸಬೇಕು ಹೇಳಿ? "ಹಾಂ, ದೇ". ಹೂಂ, ಕೊಡು! ಪಾಪ, ನಮ್ಮ ಹಿಂದಿ ಕಲಿತಿದ್ದಾನೆ ಎಂದು ನಾನು ಉಬ್ಬಿಹೋಗಿ ಇನ್ನೊಂದು ಸೌಟು ಬಡಿಸಿದೆ. ಅವನು ತಟ್ಟೆ ನೋಡಿದ, ನನ್ನ ಮುಖ ನೋಡಿದ, ಹೋಗಿ ಕುಳಿತು ತಿಂದ. ಮತ್ತೆ ಬಂದ, "ಹಾ ದೇ". ಮತ್ತೆ ಬಡಿಸಿದೆ. ಮೂರನೆಯ ಸಲ ಅವನ ದನಿ ಬಹಳ ಮೆತ್ತಗಾಗಿತ್ತು. ಅಷ್ಟರಲ್ಲಿ ಅಕ್ಷತಾ ಸೋಪಿನ ಕೈಯಲ್ಲೇ ಓಡಿಬಂದಳು.

"ಪಪ್ಪಾ, ಬಸ್ ಕರೋ! ವೋ ಬಾಯ್ ಬೋಲ್ ರಹಾ ಹೈ!"

ಅವರ ಭಾಷೆಯಲ್ಲಿ ಹಾ ದೇ ಎಂದರೆ 'ಹೋಗಿಬರುತ್ತೇನೆ'. ಮೂರು ಸಲ ಬೀಳ್ಕೊಂಡರೂ ಬಿಡುಗಡೆಯಾಗದ ಆ ಸಭ್ಯ ಮನುಷ್ಯನಿಗೆ ನಾನು ಕೈಮುಗಿದೆ.

ಎಲ್ಲರೂ ಹೋದ ಮೇಲೆ ಮಗಳು ಮೇಜು ಒರೆಸುತ್ತ ಕೇಳಿದಳು: "ಪಪ್ಪಾ, ಹೋಟೆಲ್ ಕೇ ಊಪರ್ ವಾಲಾ ಕಮ್ರಾ ಮೇರೇ ಕೋ ದೋಗೇ? ಐಸಾ ಹೀ ಕುಛ್ ಬನಾನಾ ಹೈ, ಅಪ್ನೇ ಠಾಣೇ ಮೇ."

ಮೇಲಿನ ಕೋಣೆ! ಅಲ್ಲಿ ಇಂಥದೇ ಒಂದು ಕಲಾಮನೆ ಮಾಡಬೇಕಂತೆ. ಎಣ್ಣೆ ಡಬ್ಬ, ಕಾಲು ಮುರಿದ ಕುರ್ಚಿ ತುಂಬಿದ ಆ ಕೋಣೆಯನ್ನು ಏಸಿ ಸೆಕ್ಷನ್ ಮಾಡುವುದು ನನ್ನ ಬಹುಕಾಲದ ಆಸೆ. ಮಗಳು ಎಂಜಲಿನ ವಾಸನೆಯಿಂದ ದೂರ ಇರಲೆಂಬುದು ಅದಕ್ಕಿಂತ ದೊಡ್ಡ ಆಸೆ. "ಮಳೆ ಬಿಟ್ಟಿತಾ ನೋಡು" ಎಂದೆ. ಅವಳು ಮತ್ತೆ ಕೇಳಲಿಲ್ಲ. ಆ ಕೇಳದಿರುವಿಕೆಯೇ ನನ್ನನ್ನು ಕೊರೆಯುತ್ತಿತ್ತು.

ಕೋಣೆ ಅಳೆಯಲು ಏಸಿಯವನು ಇವತ್ತು ಹನ್ನೊಂದಕ್ಕೆ ಬರುವವನಿದ್ದ. ಹತ್ತೂವರೆಗೆ ಮಗಳ ಫೋನು ಬಂತು. ಊಟ, ತಿಂಡಿ, ಅಮ್ಮನ ಮಂಡಿನೋವು ಎಲ್ಲ ಆಯಿತು. ಒಳಗಿನಿಂದ ಏಲಕ್ಕಿಯ ಘಮ ಇನ್ನೂ ಬರುತ್ತಿತ್ತು. ಕೊನೆಗೆ ಅಲ್ಲಿಯ ಅಭ್ಯಾಸದಂತೆ ಅವಳೆಂದಳು:

"ಚಲೋ ಪಪ್ಪಾ, ಹಾ ದೇ."

"ಆಯ್ತು ಮಗಾ, ಕೊಟ್ಟೆ."

"ಅರೇ, ಮೈ ತೋ ಬಾಯ್ ಬೋಲ್ ರಹೀ ಥೀ!"

"ಗೊತ್ತುಂಟು ಮಾರಾಯ್ತಿ. ಮೇಲಿನ ಕೋಣೆ ಕೊಟ್ಟೆ ಅಂದದ್ದು."

ಅತ್ತ ಅವಳು ಮೂಗೆಳೆದುಕೊಂಡದ್ದು ಕೇಳಿಸಿತು. ನನ್ನ ಮುಖ ಗಿರಾಕಿಗಳು ನೋಡುತ್ತಾರೆಂದು ಫೋನು ಇಟ್ಟೆ.

ಏಸಿಯವನು ಟೇಪು ಹಿಡಿದು ಬಂದ. ಅಳೆಯುವ ಕೆಲಸವಿಲ್ಲ ಎಂದು ಹೇಳಿ ಒಂದು ಪ್ಲೇಟ್ ಶೀರಾ ಕೊಡಿಸಿದೆ. ತಿಂದು, ಪ್ಲೇಟನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ನಾನು ಗಲ್ಲಾದಿಂದ ಎದ್ದು ಹೋಗಿ ಅದನ್ನು ಎತ್ತಿದೆ.