ಬಸ್ ಸ್ಟ್ಯಾಂಡ್ ಕಾಯುತ್ತಿದ್ದ ನಮ್ಮ ಮನೆ ನಾಯಿ

ನಾನು ನಾಯಿಗೆ ಅಂಜುವವಳು. ಗಂಗಾವತಿಯ ದವಾಖಾನೆಯಲ್ಲಿ ನರ್ಸ್. ನಾಯಿ ಕಚ್ಚಿಸಿಕೊಂಡು ಬಂದವರಿಗೆ ಇಂಜೆಕ್ಷನ್ ಕೊಡುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಮೀನಖಂಡದಲ್ಲಿ ಇಳಿದ ಹಲ್ಲಿನ ಗುರುತು, ಕಿತ್ತುಬಂದ ತುಟಿ, ಸೂಜಿ ಕಂಡು ಇನ್ನಷ್ಟು ಚೀರುವ ಮಕ್ಕಳು. ಬೀದಿಯಲ್ಲಿ ನಾಯಿ ಎದುರಾದರೆ ಇವತ್ತಿಗೂ ಆಚೆ ಬದಿಗೆ ದಾಟುತ್ತೇನೆ. ಅಂಥವಳು ಮನೆಗೊಂದು ನಾಯಿ ಬೇಕೇ ಬೇಕು ಎಂದು ಹಟ ಹಿಡಿದೆ ಎಂದರೆ, ಅದಕ್ಕೆ ಕಾರಣ ನಮ್ಮ ಅತ್ತೆ.

ನಮ್ಮ ಮನೆ ಕನಕಗಿರಿಯ ಅಂಚಿನ ಹೊಸ ಪ್ಲಾಟಿನಲ್ಲಿದೆ. ಎಡಕ್ಕೂ ಬಲಕ್ಕೂ ಖಾಲಿ ಜಾಗ, ಜಾಲಿ ಗಿಡ. ಮನೆಯವರು ಕಾರಟಗಿಯ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ಲಾರಿ ಓಡಿಸುತ್ತಾರೆ. ಹೋದರೆ ಹತ್ತು ದಿನ ಪತ್ತೆಯಿಲ್ಲ. ನಾನು ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಮನೆಯಲ್ಲಿ ಇರುವವರು ಇಬ್ಬರೇ: ಮೂರು ವರ್ಷದ ಮಗಳು, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಅಷ್ಟಕ್ಕಷ್ಟೇ ಕಾಣುವ ಅತ್ತೆ. ಬಾಗಿಲಿಗೆ ಯಾರೇ ಬರಲಿ, ಅತ್ತೆಯ ಬಾಯಲ್ಲಿ ಒಂದೇ ಮಾತು: "ಬರ್ರಿ, ಕುಂದರ್ರಿ, ನೀರು ಕುಡೀರಿ."

ಒಂದು ಬೇಸಿಗೆಯಲ್ಲಿ ಪಕ್ಕದ ಓಣಿಗೆ ಬೆಳ್ಳಿ ಬಂಗಾರ ತೊಳೆದು ಕೊಡುತ್ತೇವೆ ಎಂದು ಇಬ್ಬರು ಬಂದಿದ್ದರು. ಹಾಡಹಗಲೇ ಒಬ್ಬ ಮುದುಕಿಯ ಕೊರಳಿನ ಸರ ಹೋಯಿತು. ಅದನ್ನು ಕೇಳಿದ ದಿನದಿಂದ ಡ್ಯೂಟಿಯಲ್ಲಿದ್ದರೂ ನನ್ನ ಗಮನವೆಲ್ಲ ಮನೆಯ ಕಡೆಗೇ. ತಾಸಿಗೊಮ್ಮೆ ಫೋನು ಮಾಡುತ್ತಿದ್ದೆ. ಅತ್ತೆ ಎತ್ತುವುದು ಎರಡು ನಿಮಿಷ ತಡವಾದರೆ ಮತ್ತೆ ಮತ್ತೆ ಮಾಡುತ್ತಿದ್ದೆ. ಮಗಳ ಕಾಲಲ್ಲಿ ಬೆಳ್ಳಿಯ ಗೆಜ್ಜೆ ಇತ್ತು. ತೆಗೆದಿಡೋಣವೆಂದರೆ ಅತ್ತೆ, "ಹೆಣ್ಣುಮಗು ಬರಿಗಾಲಾಗ ಅಡ್ಡಾಡಬಾರ್ದು" ಎನ್ನುತ್ತಿದ್ದರು.

ನನ್ನ ತವರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಅಲ್ಲಿ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡನ್ನು ತರುಬಿ ನಿಲ್ಲಿಸಿದ್ದರು. ಕುರಿ ಕಾಯುವ ಅಜ್ಜನ ನಾಯಿ ಐದು ಮರಿ ಹಾಕಿತ್ತು. ಅಜ್ಜ ಒಂದೊಂದನ್ನೇ ಕಿವಿ ಹಿಡಿದು ಎತ್ತಿ ತೋರಿಸಿದ. ಕುಂಯ್ ಅನ್ನದಿದ್ದರೆ ಗಟ್ಟಿ ಮರಿ, ಕುಂಯ್ ಅಂದರೆ ಅಂಜುಬುರುಕ ಎಂಬುದು ಅವನ ಲೆಕ್ಕ. ನನ್ನ ಪರೀಕ್ಷೆ ಬೇರೆ. ಕಣ್ಣ ರೆಪ್ಪೆ ಎಳೆದು ನೋಡಿದೆ, ವಸಡು ನೋಡಿದೆ, ತಾಯಿಗೆ ಲಸಿಕೆ ಹಾಕಿಸಿದ್ದೀರಾ ಎಂದು ಮೂರು ಸಲ ಕೇಳಿದೆ. ಅಜ್ಜ ಮುಂಡಾಸು ಸರಿಮಾಡಿಕೊಂಡು ನಕ್ಕ. "ನಾಯಿ ತಗೊಳ್ಳಾಕ ಬಂದಿಯೋ, ಅಡ್ಮಿಟ್ ಮಾಡ್ಕೊಳ್ಳಾಕ ಬಂದಿಯೋ ಯವ್ವಾ?"

ಕೊನೆಗೆ ಕಂದು ಬಣ್ಣದ ಒಂದು ಮರಿಯನ್ನು ಆರಿಸಿದೆ. ಅದು ಅಳಲಿಲ್ಲ, ನನಗೆ ಹಲ್ಲನ್ನೂ ತೋರಿಸಲಿಲ್ಲ. ಎರಡನೆಯದೇ ನನಗೆ ಮುಖ್ಯವಾಗಿತ್ತು.

ಹೊರಡುವಾಗ, ನಾಯಿ ಮಗಳ ಕಾವಲಿಗೆ ಎಂದು ತಿಳಿದು ಅಜ್ಜ ಒಂದು ಮಾತು ಹೇಳಿದ: "ಮನಿಗೆ ಹೋದ ಕೂಡ್ಲೆ ಮೊದಲನೇ ತುತ್ತು ಸಣ್ಣಾಕಿ ಕೈಲೆ ಹಾಕ್ಸು. ಮುಂದನೂ ಆಕೀನ ಹಾಕ್ಲಿ. ನಾವು ಮರಿಗೆ ಕುರಿ ಹಾಲು ಕುಡಿಸಿ ಕುರಿಮರಿ ನಡುವ ಮಲಗಸ್ತೀವಿ. ಅದಕ್ಕ ಅದು ಕುರಿ ಕಾಯ್ತೈತಿ, ನನ್ನ ಕಾಯೂದಿಲ್ಲ. ಯಾರನ್ನ ಕಾಯಬೇಕೋ ಅವರ ಕೈಯಾಗ ಉಣ್ಣಬೇಕು ನೋಡು."

"ಹೂಂ ಅಜ್ಜಾ" ಎಂದೆ. ಮನೆಗೆ ಬಂದು ಮಾಡಿದ್ದೇ ಬೇರೆ. ಮೂರು ವರ್ಷದ ಕೂಸಿನ ಬೆರಳು, ನಾಯಿಯ ಬಾಯಿ. ನಾನು ದಿನಾ ನೋಡುವುದು ಅದನ್ನೇ ಅಲ್ಲವೇ? ಕೈಗೆ ಗ್ಲೌಸು ಹಾಕಿಕೊಂಡು, ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ನಾನೇ ತಿನ್ನಿಸಿದೆ. ಅಂದಿನಿಂದ ಎರಡು ಹೊತ್ತೂ ನಾನೇ ಹಾಕಿದೆ. ಲಸಿಕೆ ಮುಗಿದ ಮೇಲೂ ಮಗಳು ಹತ್ತಿರ ಸುಳಿಯದಂತೆ ಪಡಸಾಲೆಗೆ ಅಡ್ಡ ಹಲಗೆ ಇಟ್ಟೆ. ಅತ್ತೆ ಒಮ್ಮೆ ಚೂರು ರೊಟ್ಟಿ ಎಸೆದದ್ದಕ್ಕೂ ಹರಿಹಾಯ್ದೆ.

ನಾಯಿ ಮೊಣಕಾಲೆತ್ತರ ಬೆಳೆಯಿತು. ಜೋರಾಗಿ ಬೊಗಳುತ್ತಿತ್ತು. ಆದರೆ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿದರೆ ಅದೂ ಹೊರಡುತ್ತಿತ್ತು. ಸರಪಳಿ ಹಾಕಿದರೆ ಓಣಿ ಎದ್ದು ಕೂರುವಂತೆ ಅಳುತ್ತಿತ್ತು, ಅತ್ತೆ ಮರುಗಿ ಬಿಟ್ಟುಬಿಡುತ್ತಿದ್ದರು. ನನ್ನನ್ನು ಬಸ್ಸು ಹತ್ತಿಸಿ, ಪಾನ್ ಅಂಗಡಿಯ ಬೆಂಚಿನ ಕೆಳಗೆ ಸಂಜೆಯವರೆಗೆ ಬಿದ್ದುಕೊಂಡಿರುತ್ತಿತ್ತು. ನಾನು ಇಳಿದ ಕೂಡಲೇ ಮುಂದೆ ನಡೆದು, ದಾರಿಯಲ್ಲಿ ನನ್ನ ಹತ್ತಿರ ಬಂದವರಿಗೆಲ್ಲ ಗುರ್ ಎನ್ನುತ್ತಿತ್ತು. ನನ್ನ ಕಾವಲಿಗೇನೂ ಕೊರತೆಯಿರಲಿಲ್ಲ. ಆದರೆ ಮನೆ ಮಾತ್ರ ಮೊದಲಿನ ಹಾಗೆಯೇ ಬಿಕೋ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆಯೇ ಫೋನು ಮಾಡಿದರು. "ಯಾರೋ ಇಬ್ರು ಬಂದಾರವಾ. ಬೆಳ್ಳಿ ತೊಳದು ಕೊಡ್ತಾರಂತ. ಪಾಪ, ಬಿಸಲಾಗ ಬಂದಾರ, ಚಾ ಇಟ್ಟೇನಿ."

"ಅತ್ತೀ, ಅವರನ್ನ ಹೊರಗ ಕಳಸ್ರಿ! ಬಾಗ್ಲಾ ಹಾಕ್ಕೊಳ್ರಿ!" ಎಂದು ಕೂಗಿದೆ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಕೈಲಿದ್ದ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಮಗಳ ಕಾಲು, ಆ ಗೆಜ್ಜೆ. ಕಂಡಕ್ಟರ್ ಟಿಕೆಟ್ ಕೇಳಿದರೆ ನನಗೆ ಊರಿನ ಹೆಸರೇ ಬಾಯಿಗೆ ಬರಲಿಲ್ಲ. ಇಳಿದಾಗ ಬೆಂಚಿನ ಕೆಳಗಿಂದ ನಾಯಿ ಬಾಲ ಆಡಿಸುತ್ತ ಎದ್ದು ಬಂತು. "ಇಲ್ಲೇನ್ ಮಾಡ್ತಿ ದರಿದ್ರದ್ದೇ!" ಎಂದು ಚಪ್ಪಲಿ ಬೀಸಿ ಒಗೆದೆ. ತಾಗಲಿಲ್ಲ. ಅದು ಚಪ್ಪಲಿಯನ್ನು ಕಚ್ಚಿಕೊಂಡು ನನ್ನ ಹಿಂದೆಯೇ ಓಡಿಬಂತು.

ಮನೆಯಲ್ಲಿ ಮಗಳು ಹಲಗೆಯ ಹಿಂದೆ ಕೂತು ಬಟ್ಟಲು ಬಡಿಯುತ್ತಿದ್ದಳು. ಎರಡೂ ಗೆಜ್ಜೆ ಕಾಲಲ್ಲೇ ಇದ್ದವು. ಆದರೂ ಮತ್ತೆ ಮತ್ತೆ ಮುಟ್ಟಿ ನೋಡಿದೆ.

"ಚಾ ಕುಡದು ಹೋದ್ರು. ನೀ ಫೋನಿನ್ಯಾಗ ಒದರಿದ್ದು ಅವರಿಗೂ ಕೇಳಸ್ತು ಕಾಣ್ತೈತಿ" ಎಂದರು ಅತ್ತೆ. "ಇನ್ನೊಮ್ಮಿ ಬರ್ತೀವಿ ಅಂದಾರ."

ಇನ್ನೊಮ್ಮೆ ಎಂದರೆ ಯಾವಾಗ? ನಾನು ಹೊಸ್ತಿಲಲ್ಲೇ ಕುಸಿದು ಅತ್ತುಬಿಟ್ಟೆ. ನಾಯಿ ಬಂದು ನನಗೆ ಒತ್ತಿಕೊಂಡು ನಿಂತು, ರಸ್ತೆಯ ಕಡೆ ಮುಖ ಮಾಡಿ ಬೊಗಳತೊಡಗಿತು. ಇಂಥ ನಾಯಿ ಕಟ್ಟಿಕೊಂಡು ಏನು ಮಾಡಲಿ ಎಂದು ಗೋಳಾಡಿದೆ.

ಅತ್ತೆ ಸಿಟ್ಟಾಗಲಿಲ್ಲ. "ಅದರದೇನು ತಪ್ಪೈತಿ? ಮನ್ಯಾಗ ಅಂಜಿಕಿ ಯಾರಿಗಿ ಐತೋ ಅವರ ಬೆನ್ನು ಹತ್ತೇತಿ. ನಾನೂ ಅಂಜೂದಿಲ್ಲ, ಈ ಕೂಸೂ ಅಂಜೂದಿಲ್ಲ. ನಿನ್ನ ಬಿಟ್ಟು ಅದು ಯಾರನ್ನ ಕಾಯಬೇಕು ಹೇಳು?"

ಆ ಸಂಜೆ ಅಡ್ಡ ಹಲಗೆ ತೆಗೆದೆ. ಬಕೆಟ್ ನೀರು, ಸೋಪು ಪಕ್ಕದಲ್ಲಿ ಇಟ್ಟುಕೊಂಡೆ. ಮಗಳ ಅಂಗೈಯಲ್ಲಿ ರೊಟ್ಟಿಯ ತುಣುಕು ಇಟ್ಟು ಕೈ ಬಿಟ್ಟೆ. ನಾಯಿ ನನ್ನ ಮುಖ ನೋಡಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದು ಬಗ್ಗಿ, ತುಟಿಯಿಂದಲೇ ಎತ್ತಿದಂತೆ ರೊಟ್ಟಿ ತೆಗೆದುಕೊಂಡಿತು. ಮಗಳು ಕಚಗುಳಿಯಾದಂತೆ ನಕ್ಕು ಇನ್ನೊಂದು ತುಣುಕಿಗೆ ಕೈ ಚಾಚಿದಳು. ಅವಳ ಐದೂ ಬೆರಳನ್ನು ನಾನು ಎರಡು ಸಲ ಎಣಿಸಿದೆ.

ಆಮೇಲೆ ದಿನಾ ಅವಳೇ ಹಾಕಿದಳು. ಒಂದು ತಿಂಗಳು ನಾಯಿ ನನ್ನ ಹಿಂದೆ ಬರುವುದನ್ನು ಬಿಡಲಿಲ್ಲ. ಆಮೇಲೆ ಓಣಿಯ ಅರ್ಧಕ್ಕೆ ಬಂದು ತಿರುಗತೊಡಗಿತು. ಒಂದು ಬೆಳಿಗ್ಗೆ ಗೇಟಿನಲ್ಲಿ ಮಗಳ ಪಕ್ಕ ಕೂತದ್ದು ಏಳಲೇ ಇಲ್ಲ. ನಾನು ಬೇಕೆಂದೇ ಚಪ್ಪಲಿ ಸಪ್ಪಳ ಮಾಡಿದೆ. ಕಿವಿ ನಿಮಿರಿಸಿತು, ಅಷ್ಟೇ.

ಬಸ್ ಸ್ಟ್ಯಾಂಡಿನಲ್ಲಿ ಪಾನ್ ಅಂಗಡಿಯವರು ಬೆಂಚಿನ ಕೆಳಗೆ ಬಗ್ಗಿ ನೋಡಿದರು. "ನಾಯಿ ಎಲ್ಲಿ ಐತ್ರಿ ಸಿಸ್ಟರ್ ಇವತ್ತು?"

"ಡ್ಯೂಟಿ ಮ್ಯಾಲ ಐತ್ರಿ" ಎಂದೆ.

ಹಿಗ್ಗಬೇಕಾದ ದಿನ ಅದು. ಬಯಸಿದ್ದೇ ಆಗಿತ್ತು. ಗಂಗಾವತಿ ಬರುವವರೆಗೆ ಮನೆಗೆ ಒಂದು ಫೋನನ್ನೂ ಮಾಡಲಿಲ್ಲ. ಆದರೆ ಬಸ್ಸಿಳಿದು ದವಾಖಾನೆಯ ಕಡೆ ಒಬ್ಬಳೇ ನಡೆಯುವಾಗ, ಒಂದು ಬೀದಿನಾಯಿ ಎದುರಿಗೆ ಬಂತು. ನಾನು ರಸ್ತೆ ದಾಟಿ ಆಚೆ ಬದಿಗೆ ಹೋದೆ.